ಒಂಬತ್ತು ಲ್ಯಾತ್ರಪ್‌ಗಳು

ಫೆಬ್ರವರಿ ಒಂಬತ್ತು, ಭಾನುವಾರ ಮಧ್ಯಾಹ್ನ ಹನ್ನೆರಡೂವರೆ ದಾಟಿದ ಮೇಲೆ ಹೆಲ್ಮರ್ ಕೌಂಟಿಯ ಶೆರಿಫ್ ಠಾಣೆಗೆ ಬರ್ಡೆಟ್ ಕ್ರೌಸ್‌ನ ಫೋನ್ ಬಂತು. ಟ್ರ್ಯಾಕ್ಟರ್ ಅಂಗಡಿ ನಡೆಸುವ ಈ ಮನುಷ್ಯನನ್ನು ಊರು ಮುಖಕ್ಕಿಂತ ಮೊದಲು ಗಂಟಲಿನಿಂದ ಗುರುತಿಸುತ್ತದೆ. ದೂರು ಹೇಳುವ ಮೊದಲೇ ಅವನು ಕಳ್ಳನ ಹೆಸರು ಹೇಳಿ ಮುಗಿಸಿದ್ದ.

“ನನ್ ಪಿಸ್ತೂಲೆಲ್ಲ ಹೋಯ್ತು. ಒಂಬತ್ತಕ್ಕೆ ಒಂಬತ್ತೂ. ಕದ್ದೋನು ಲೈಲ್ ಪ್ರುಯಿಟ್, ನನ್ ಹೆಂಡ್ತಿ ಮಗ. ಬರ್ಕೊಂಡ್ರಾ? ಹೋಗಿ ಹಿಡೀರಿ.”

ಫೋನ್ ಎತ್ತಿದವಳು ಡಿಟೆಕ್ಟಿವ್ ಸಾರ್ಜೆಂಟ್ ವರ್ನಾ ಟೀಗ್. ಐವತ್ತೆರಡರ ಹೆಂಗಸು, ಕೋಪ ಮೂಗಿನ ತುದಿಯಲ್ಲೇ. “ನೋಡಿದ್ರಾ ಅವನು ಕದ್ದಿದ್ದು?” ಎಂದು ಕೇಳಿದಳು.

“ನೋಡ್ಬೇಕಾ? ನಾವು ಚರ್ಚಿಗೆ ಹೋದಾಗ ಮನೇಲಿದ್ದೋನು ಅವನೊಬ್ನೇ. ಅಂಗಳದ ಹಿಮ ತೆಗೀತಿದ್ದ.”

ದೂರು ದಾಖಲಾಯಿತು. ವರ್ನಾ ಮತ್ತು ಡೆಪ್ಯುಟಿ ಯೋಡರ್ ಒಂದು ಗಂಟೆಗೆಲ್ಲ ಕ್ರೌಸ್ ಮನೆ ತಲುಪಿದರು. ನೆಲಮಾಳಿಗೆಯಲ್ಲಿ ಬರ್ಡೆಟ್‌ನ ಪಿಸ್ತೂಲು ಕೋಣೆ. ಕಬ್ಬಿಣದ ತಿಜೋರಿಯ ಬಾಗಿಲು ಹಾರುಹೊಡೆದಿತ್ತು, ಬೀಗದ ಮೇಲೆ ಒಂದು ಗೀರೂ ಇಲ್ಲ. ಅಂಕಿ ತಿರುಗಿಸಿ ತೆಗೆಯುವ ಬೀಗ. ಹಿತ್ತಲ ಬಾಗಿಲಿಗೆ ನಮ್ಮ ಕಡೆ ಯಾರೂ ಚಿಲಕ ಹಾಕುವುದಿಲ್ಲ, ಅವರೂ ಹಾಕಿರಲಿಲ್ಲ. ಯೋಡರ್ ಫೋಟೋ ತೆಗೆದು ಸ್ಥಳ ಮಹಜರು ಬರೆದ.

ಕಳುವಾದದ್ದೆಲ್ಲ ಲ್ಯಾತ್ರಪ್ ಕಂಪನಿಯ ಪಿಸ್ತೂಲುಗಳು. ಒಂದು ಗುಂಡು ಹಾರಿದರೆ ಮುಂದಿನದು ತಾನೇ ಮೇಲೇರಿ ಕೂರುವ ಜಾತಿ. ಕಾರ್ಖಾನೆ ಮುಚ್ಚಿ ತೊಂಬತ್ತು ವರ್ಷವಾಗಿದೆ, ಅದಕ್ಕೇ ಅವುಗಳ ಮೇಲೆ ಜನರಿಗೆ ಅಷ್ಟು ಆಸೆ. ಬೇರೆ ಕಂಪನಿಯ ಪಿಸ್ತೂಲನ್ನು ಬರ್ಡೆಟ್‌ಗೆ ಪುಕ್ಕಟೆ ಕೊಟ್ಟರೂ ತಿರುಗಿ ನೋಡುತ್ತಿರಲಿಲ್ಲ.

ಆ ಕೋಣೆಯಲ್ಲಿ ಇನ್ನೊಬ್ಬನಿದ್ದ. ಎಲ್ಡನ್ ಶಾಲ್, ನಿವೃತ್ತ ಔಷಧಿ ವ್ಯಾಪಾರಿ, ಬರ್ಡೆಟ್‌ನ ಮೂವತ್ತು ವರ್ಷದ ಗೆಳೆಯ. ಬರ್ಡೆಟ್ ಪೊಲೀಸರಿಗಿಂತ ಮೊದಲು ಅವನಿಗೆ ಫೋನ್ ಮಾಡಿದ್ದ. ತೆಳ್ಳಗೆ, ಮೆತ್ತಗೆ, ಎದುರಿಗಿದ್ದವರ ಕಾಯಿಲೆ ವಿಚಾರಿಸುವ ದನಿಯಲ್ಲಿ ಮಾತಾಡುವ ಮನುಷ್ಯ.

“ಲೈಲ್ ಹಾಗೆ ಮಾಡೋ ಹುಡುಗ ಅಲ್ಲ ಅನ್ಸತ್ತೆ ನಂಗೆ,” ಎಂದ ಎಲ್ಡನ್. “ಒಂದ್ಸಲ ಅವನ ಟ್ರಕ್ ನೋಡಿಬಿಟ್ರೆ ಪಾಪ, ಅನುಮಾನಾನೂ ಹೋಗತ್ತಲ್ವಾ ಸಾರ್ಜೆಂಟ್.”

ಲೈಲ್‌ನ ಮನೆಗೆ ಹೋಗಿ ನೋಡಿದರು. ಲೈಲ್ ಪ್ರುಯಿಟ್‌ಗೆ ಮೂವತ್ತೆಂಟು. ಅಮಲಿನ ಮಾತ್ರೆ ಮಾರಿದ ಕೇಸಿನಲ್ಲಿ ಆರು ವರ್ಷ ಒಳಗಿದ್ದು, ಈಗ ಅವಧಿಗೆ ಮೊದಲೇ ಷರತ್ತು ಹಾಕಿ ಬಿಟ್ಟಿದ್ದರಿಂದ ಪೆರೋಲ್ ಮೇಲೆ ಹೊರಗಿದ್ದ. ಪೆರೋಲ್‌ನವನ ಟ್ರಕ್ ಹುಡುಕಲು ವಾರಂಟ್ ಬೇಡ. ಅವನ ಕೈಗೆ ಎಟಕುವಲ್ಲಿ ಒಂದು ಪಿಸ್ತೂಲು ಸಿಕ್ಕರೂ ಸಾಕು, ಮತ್ತೆ ಜೈಲು. ಡ್ರೈವರ್ ಸೀಟಿನ ಕೆಳಗೆ ಯೋಡರ್ ಕೈ ಹಾಕಿದ, ಒಂದು ಗಂಟು ಸಿಕ್ಕಿತು. ಬಿಚ್ಚಿದರೆ ಲ್ಯಾತ್ರಪ್.

ಲೈಲ್ ಹಿಮದಲ್ಲಿ ನಿಂತವನು ನಿಂತೇ ಇದ್ದ. “ಇದು ನಂದಲ್ಲ ಮೇಡಂ. ನಾನು ಅಡುಗೆಮನೆ ದಾಟಿ ಒಳಗೇ ಹೋಗಲ್ಲ. ಅಮ್ಮ ಒಲೇಲಿ ಮೊಟ್ಟೆ ಕಡುಬು ಇಟ್ಟಿದ್ಲು, ತಿಂದೆ, ಬಂದೆ.”

“ಉಳಿದ ಎಂಟೆಲ್ಲಿ?”

“ಶುಕ್ರವಾರ ಹತ್ತು ಗಂಟೆಗೆ ಕೋರ್ಟಿದೆ ಮೇಡಂ. ಸರ್ಕಾರದೋರು ಪರರ ಮನೇಲಿಟ್ಟಿರೋ ನನ್ ಮಗಳು ಜೋಲೀನ್‌ದು. ಅವಳನ್ನ ನಂಗೆ ಕೊಡ್ತಾರೆ ಅಂತ ಲಾಯರ್ ಹೇಳಿದಾನೆ. ನಾನು ಅಲ್ಲಿರ್ಲೇಬೇಕು.”

“ಎಂಟೆಲ್ಲಿ ಅಂದೆ.”

ಅವನು ಕೈ ಮುಂದೆ ಚಾಚಿದ. ಬೇಡಿ ಹಾಕಿಸಿಕೊಳ್ಳುವುದು ಅವನಿಗೆ ಹೊಸದಲ್ಲ. ವರ್ನಾ ಹಾಕಿದಳು. ಮೂರು ಗಂಟೆಗೆ ಅವನು ಲಾಕಪ್‌ನಲ್ಲಿದ್ದ. ಪೆರೋಲ್ ಇಲಾಖೆಯವರು ಸಂಜೆಯೇ ಅವನ ಬಿಡುಗಡೆಗೆ ತಡೆಯಾಜ್ಞೆ ಹೊರಡಿಸಿದರು. ಅಂದರೆ ಜಾಮೀನಿನ ಮಾತೇ ಇಲ್ಲ.

ಸೋಮವಾರ ಬೆಳಿಗ್ಗೆ ವರ್ನಾ ಆ ಗಂಟನ್ನು ಮತ್ತೆ ನೋಡಿದಳು. ಲೈಲ್‌ನ ಟ್ರಕ್ ಒಂದು ಕೊಟ್ಟಿಗೆ. ರಸ್ತೆಗೆ ಹಾಕಿದ ಉಪ್ಪು, ಕರಗಿದ ಹಿಮದ ಕೆಸರು, ತಿಂದು ಬಿಟ್ಟ ಆಲೂ ಚೂರು, ಅವನು ಕೆಲಸ ಮಾಡುವ ಟೈರ್ ಅಂಗಡಿಯ ಗ್ರೀಸು. ಅದರ ನಡುವೆ ಈ ಪಿಸ್ತೂಲಿಗೆ ತೆಳುವಾಗಿ ಎಣ್ಣೆ ಸವರಿ, ಒಗೆದ ಮೆತ್ತನೆ ಬಟ್ಟೆಯಲ್ಲಿ ಸುತ್ತಿ, ಅದರ ಮೇಲೆ ಮೇಣದ ಕಾಗದ ಸುತ್ತಿ, ಅಂಚುಗಳನ್ನು ಮಡಚಿ ಒಳಗೆ ಸಿಕ್ಕಿಸಿದ್ದರು.

“ಹೆತ್ತ ಮಗೂನೂ ಯಾರೂ ಹೀಗೆ ಸುತ್ತಲ್ಲ,” ಎಂದ ಯೋಡರ್.

“ಲೈಲ್ ತನ್ನ ಊಟದ ಡಬ್ಬೀನೂ ಮುಚ್ಚಲ್ಲ ಕಣೋ. ಅವನು ಇದನ್ನ ಸುತ್ತಿದ್ನಾ?”

“ಯಾರೋ ಹೇಳ್ಕೊಟ್ಟಿರ್ಬಹುದು.”

“ಇರ್ಬಹುದು. ಯಾರು?”

ಅದೇ ಪ್ರಶ್ನೆ ಹಿಡಿದು ವರ್ನಾ ಪ್ರಾಸಿಕ್ಯೂಟರ್ ಕಚೇರಿಗೆ ಹೋದರೆ ಅಲ್ಲಿಯ ಯುವ ಸರ್ಕಾರಿ ವಕೀಲ ನಕ್ಕ. ಜೈಲಿಗೆ ಹೋಗಿ ಬಂದವನು, ಒಬ್ಬನೇ ಇದ್ದ, ಸೀಟಿನ ಕೆಳಗೇ ಮಾಲು, ಇನ್ನೇನು ಬೇಕು ಎಂದ. ವರ್ನಾಳ ಮೈ ಉರಿದುಹೋಯಿತು. ಉರಿದದ್ದು ಅವನ ಮೇಲೆ ಮಾತ್ರವಲ್ಲ. ಹಿಂದಿನ ದಿನ ತಾನೂ ಅದೇ ಲೆಕ್ಕದಲ್ಲಿ ಬೇಡಿ ಹಾಕಿದ್ದಳು.

ಮಂಗಳವಾರ ಅವಳು ಕ್ರೌಸ್ ಮನೆಗೆ ಹೋದಳು. ಬರ್ಡೆಟ್ ಬೆಳಗಿನ ತಿಂಡಿಗೆ ಕೂತಿದ್ದ. ಲೈಲ್‌ನ ತಾಯಿ ಮಾರ್ವಾ ಒಲೆಯ ಮುಂದೆ ಬೆನ್ನು ತಿರುಗಿಸಿ ನಿಂತಿದ್ದಳು. ಗಂಡ ಹೆಂಡಿರು ಎರಡು ದಿನದಿಂದ ಮಾತು ಬಿಟ್ಟಿದ್ದು ನೋಡಿದರೆ ತಿಳಿಯುತ್ತಿತ್ತು.

“ತಿಜೋರಿ ಅಂಕಿ ಎಷ್ಟು?”

“4417. ನನ್ ಮೊದಲನೇ ಲ್ಯಾತ್ರಪ್ ಮೇಲಿರೋ ನಂಬರ್ರು.”

“ಯಾರಿಗೆ ಗೊತ್ತು?”

“ನಂಗೊಬ್ಬನಿಗೇ. ಲೈಲ್ ತಿಜೋರಿ ಹೊತ್ಕೊಂಡು ಬಂದಿದ್ನಲ್ಲ, ಆಗ ಕದ್ದು ನೋಡಿರ್ತಾನೆ.”

“ಆ ಮೊದಲನೇ ಪಿಸ್ತೂಲು ಎಲ್ಲಿ ಸಿಕ್ತು ನಿಮಗೆ?”

ಬರ್ಡೆಟ್‌ನ ಮುಖ ಅರಳಿತು. “ಲೈಮಾದ ಬಂದೂಕು ಸಂತೇಲಿ. ನೂರು ಮೇಜು, ಅದ್ರಲ್ಲಿ ಒಂದು ಮೂಲೇಲಿ ಬಿದ್ದಿತ್ತು. ದೂರದಿಂದ್ಲೇ ನನ್ ಕಣ್ಣಿಗೆ ಬಿತ್ತು ನೋಡಮ್ಮ.”

“ನಿನ್ ಕಣ್ಣಿಗೆ ಬಿದ್ದಿದ್ದು ಸಾಸೇಜು,” ಎಂದಳು ಮಾರ್ವಾ, ತಿರುಗದೆ. “ಸಾಸೇಜ್ ಬನ್ನಿನ ಸಾಲಲ್ಲಿ ನಿಂತಿದ್ದೆ ನೀನು. ಎಲ್ಡನ್ ಓಡಿ ಬಂದು ಕೈ ಹಿಡಿದು ಎಳ್ಕೊಂಡು ಹೋದ. ನಾನಿದ್ದೆ ಅಲ್ಲಿ.”

“ಅವನೂ ಇದ್ದ, ಅದಕ್ಕೇನೀಗ?”

“ಎಲ್ಡನ್‌ಗೆ ಆ ನಂಬರು ನೆನಪಿರುತ್ತಾ?” ಎಂದು ವರ್ನಾ ಕೇಳಿದಳು.

“ಅವನಿಗೆ ಎಲ್ಲದರ ನಂಬರೂ ನೆನಪಿರತ್ತೆ. ಆದ್ರೆ ಎಲ್ಡನ್ ಅಂದ್ರೆ ನನ್ ಎಲ್ಡನ್ನು! ಏನಮ್ಮಾ ನೀನು, ಕಳ್ಳ ಒಳಗಿದಾನೆ, ಇಲ್ಲಿ ಬಂದು ನನ್ ಗೆಳೆಯನ ಮೇಲೆ ಬೀಳ್ತೀಯಾ?”

ಮಾರ್ವಾ ಈಗ ತಿರುಗಿದಳು. ಕೈಯಲ್ಲಿ ಸೌಟಿತ್ತು. “ಕಳ್ಳ ಅಂದ್ರೆ ಈ ಬಾಣಲೆ ನಿನ್ ತಲೆ ಮೇಲೆ ಬೀಳತ್ತೆ,” ಎಂದಳು. ಬರ್ಡೆಟ್ ತಟ್ಟೆ ನೋಡತೊಡಗಿದ.

ಬುಧವಾರ ಪ್ರಯೋಗಾಲಯದಿಂದ ಪಿಸ್ತೂಲು ವಾಪಸು ಬಂತು. ಅದರ ಮೇಲೆ ಒಂದೇ ಒಂದು ಬೆರಳಚ್ಚಿಲ್ಲ. ಬಟ್ಟೆಯ ಮೇಲೆ ಬಂದೂಕಿನ ಎಣ್ಣೆ ಬಿಟ್ಟರೆ ಬೇರೇನಿಲ್ಲ. ಲೈಲ್‌ನ ಕೈಯ ಗ್ರೀಸಿನ ಕಲೆಯಂತೂ ಇರಲೇ ಇಲ್ಲ. ಪ್ರಾಸಿಕ್ಯೂಟರ್‌ಗೆ ಮಾತ್ರ ತನ್ನ ಕೇಸು ಗಟ್ಟಿ ಮಾಡಿಕೊಳ್ಳುವ ಅವಸರ. ಮಾಲನ್ನು ಇಬ್ಬರು ಸಾಕ್ಷಿಗಳಿಂದ ಗುರುತು ಹಿಡಿಸಿ ಎಂದು ಹೇಳಿ ಕಳಿಸಿದ. ಪಿಸ್ತೂಲನ್ನು ಕೈಯಲ್ಲಿ ಹಿಡಿದು ಬಲ್ಲವರು ಇಬ್ಬರೇ, ಬರ್ಡೆಟ್ ಮತ್ತು ಎಲ್ಡನ್.

ಗುರುವಾರ ಬೆಳಿಗ್ಗೆ ಮೊದಲು ಬರ್ಡೆಟ್ ಬಂದ. ಉಕ್ಕಿನ ಮೇಜಿನ ಮೇಲೆ ಪಿಸ್ತೂಲಿತ್ತು, ಬೆರಳಚ್ಚು ಹುಡುಕಲು ಹಾಕಿದ ಕಪ್ಪು ಪುಡಿ ಮೂಲೆಗಳಲ್ಲಿ ಇನ್ನೂ ಅಂಟಿತ್ತು. ಅವನು ಕೆಂಡಾಮಂಡಲವಾದ.

“ಯಾವ ಕತ್ತೆ ಇದನ್ನ ಬರಿಗೈಲಿ ಮುಟ್ಟಿದ್ದು?”

“ಪ್ರಯೋಗಾಲಯದವರು ತಮ್ಮ ಕೆಲಸ ಮಾಡಿದಾರೆ. ನಿಮ್ಮದೇನಾ ಇದು, ಹೇಳಿ.”

ಅವನು ಕೋಟಿನ ಜೇಬಿನಿಂದ ಬಿಳಿ ಹತ್ತಿಯ ಕೈಗವಸು ತೆಗೆದು ಹಾಕಿಕೊಂಡು, ಆಮೇಲೆ ಪಿಸ್ತೂಲು ಎತ್ತಿದ. “ನೋಡಮ್ಮ, ಕೈ ಬೆವರಲ್ಲಿ ಉಪ್ಪಿರತ್ತೆ. ಈ ನೀಲಿ ಬಣ್ಣದ ಮೇಲೆ ಒಂದು ಬೆರಳಿಟ್ರೆ ಮುಂದಿನ ವಾರ ಅಲ್ಲಿ ತುಕ್ಕು. ನಮ್ಮ ಪಿಸ್ತೂಲು ಸಂಗ್ರಹ ಮಾಡೋರ ಸಂಘದಲ್ಲಿ ಕೈ ನಡುಗೋ ಮುದುಕನೂ ಮೊದ್ಲು ಕೈಗವಸು ಹಾಕ್ತಾನೆ, ಆಮೇಲೆ ಲ್ಯಾತ್ರಪ್ ಮುಟ್ತಾನೆ. ಮರೆತೋನ ಕೈಗೆ ಅಲ್ಲೇ ಏಟು ಬೀಳತ್ತೆ.”

“ಇದನ್ನ ಯಾರ್ಯಾರು ಮುಟ್ಟಿದಾರೆ?”

“ನಾನು, ಎಲ್ಡನ್, ಅಷ್ಟೇ. ಸಂಘದ ಪ್ರದರ್ಶನಕ್ಕೆ ಒಯ್ದಾಗ ಉಳಿದೋರಿಗೆಲ್ಲ ಗಾಜಿನ ಪೆಟ್ಟಿಗೇಲೇ ದರ್ಶನ. ಒಂಬತ್ತರಲ್ಲಿ ಇದೇ ರಾಜ. ಕಾರ್ಖಾನೆಯಿಂದ ಬಂದ ಹಾಗೇ ಇದೆ, ಮಿಂಚು ನೋಡು. ಇದೊಂದನ್ನ ನಾನೊಬ್ನೇ ಕೆಂಟಕಿಗೆ ಹೋಗಿ ತಂದಿದ್ದು.”

ಉಳಿದ ಎಂಟನ್ನು ಒಬ್ಬನೇ ತಂದಿಲ್ಲವೆಂದು ತನ್ನ ಬಾಯಲ್ಲೇ ಒಪ್ಪಿಕೊಂಡದ್ದು ಅವನಿಗೆ ತಿಳಿಯಲೇ ಇಲ್ಲ. ಹೋಗುವಾಗ ಪಿಸ್ತೂಲಿಗೆ ಎಣ್ಣೆ ಹಚ್ಚಿಡಿ ಎಂದ. ಪಕ್ಕದ ಕಟ್ಟಡದಲ್ಲೇ ಲಾಕಪ್ಪಿದ್ದರೂ ಲೈಲ್ ಹೇಗಿದ್ದಾನೆ ಎಂದು ಕೇಳಲಿಲ್ಲ.

ಹತ್ತೂವರೆಗೆ ಎಲ್ಡನ್ ಬಂದ. ಹ್ಯಾಟು ತೆಗೆದು ಮೊಣಕಾಲ ಮೇಲಿಟ್ಟುಕೊಂಡು, ಕಾಫಿ ಕೊಟ್ಟಿದ್ದಕ್ಕೆ ಯೋಡರ್‌ಗೆ ಎರಡು ಸಲ ಥ್ಯಾಂಕ್ಸ್ ಹೇಳಿದ. ಅವನ ಕೋಟಿನ ಜೇಬಿನಿಂದಲೂ ಬಿಳಿ ಕೈಗವಸಿನ ಬೆರಳುಗಳು ಇಣುಕುತ್ತಿದ್ದವು.

“ಇದು ಬರ್ಡೆಟ್‌ದೇನಾ, ನೋಡಿ ಹೇಳಿ.”

ಅವನು ಬರಿಗೈಯಲ್ಲಿ ಎತ್ತಿದ. ನೀಲಿ ಉಕ್ಕಿನ ಮೇಲೆ ಹೆಬ್ಬೆರಳು ಒತ್ತಿ ಹಿಡಿದು ಒಂದು ಸಲ ತಿರುಗಿಸಿದ. ನಂಬರು ಓದಿದ. “ಹೌದು, ಅವನದೇ,” ಎಂದು ಮೇಜಿನ ಮೇಲೆ ಕುಕ್ಕಿದ. ಹೆಬ್ಬೆರಳಿನ ಗುರುತು ಮಿಂಚಿನ ಮೇಲೆ ಮಂಜಾಗಿ ಉಳಿಯಿತು. ಅವನು ಒರೆಸಲಿಲ್ಲ.

ವರ್ನಾ ಆ ಗುರುತನ್ನೇ ನೋಡುತ್ತಿದ್ದಳು. “ಕೈಗವಸು?”

“ಏನು?”

“ಜೇಬಲ್ಲೇ ಇದೆ. ಹಾಕ್ಕೊಳ್ಳಲಿಲ್ಲ.”

“ಇದಕ್ಕಾ?” ಎಂದುಬಿಟ್ಟ ಎಲ್ಡನ್. ಆ ಮೂರಕ್ಷರದಲ್ಲಿ ಎಷ್ಟು ತಾತ್ಸಾರವಿತ್ತೆಂದರೆ, ಬಾಗಿಲಲ್ಲಿದ್ದ ಯೋಡರ್ ತಲೆಯೆತ್ತಿ ನೋಡಿದ.

“ಇದೇ ರಾಜ ಅಂದ್ರು ಬರ್ಡೆಟ್.”

“ಅನ್ಲಿ.”

“ನೀವೇನಂತೀರಿ?”

ಅವನು ಸುಮ್ಮನಿದ್ದರೆ ಬಹುಶಃ ಉಳಿದುಕೊಳ್ಳುತ್ತಿದ್ದ. ಆದರೆ ಮೂವತ್ತು ವರ್ಷ ಈ ಪ್ರಶ್ನೆಯನ್ನು ಅವನಿಗೆ ಯಾರೂ ಕೇಳಿರಲಿಲ್ಲ. “ಅಕ್ಷರದ ಅಂಚು ನೋಡಿ ಸಾರ್ಜೆಂಟ್. ಸವೆದಿದೆ. ತಿರುಪಿನ ತೂತಿನ ಬಾಯಿ ಬಟ್ಟಲಿನ ಹಾಗೆ ಹಳ್ಳ ಬಿದ್ದಿದೆ. ಯಾರೋ ತುಕ್ಕು ಹಿಡಿದಿದ್ದನ್ನ ಚಕ್ರಕ್ಕೆ ಹಿಡಿದು ಉಜ್ಜಿ, ಹೊಸದಾಗಿ ನೀಲಿ ಏರ್ಸಿದಾನೆ. ಇದು ಬಣ್ಣ ಬಳ್ಕೊಂಡ ಮುದುಕಿ. ಸಂಗ್ರಹ ಮಾಡೋನು ಇದನ್ನ ಮನೆಯೊಳಗೇ ಸೇರ್ಸಲ್ಲ.”

“ಬರ್ಡೆಟ್‌ಗೆ ಗೊತ್ತಾ?”

“ಅವನಿಗೆ ಏನ್ ತಾನೇ ಗೊತ್ತು?”

“ನೀವು ಹೇಳ್ಲಿಲ್ವಾ?”

“ಹನ್ನೊಂದು ವರ್ಷ ನೋಡ್ತಾ ಇದೀನಿ, ಅವನು ಇದನ್ನ ಗಾಜಿನ ಪೆಟ್ಟಿಗೇಲಿಟ್ಟು ಮೆರೆಯೋದನ್ನ. ಹೇಳ್ಬಾರ್ದು ಅಂತಲೇ ಹೇಳ್ಲಿಲ್ಲ.”

ವರ್ನಾ ಕುರ್ಚಿ ಮುಂದಕ್ಕೆ ಎಳೆದುಕೊಂಡಳು. “ಲೈಲ್‌ಗೆ ಒಂಬತ್ತೂ ಒಂದೇ. ಅವನು ಕದ್ದಿದ್ರೆ ಕೈಗೆ ಸಿಕ್ಕಿದ್ದನ್ನ ಸೀಟ್ ಕೆಳಗೆ ತುರುಕ್ತಿದ್ದ. ಬರ್ಡೆಟ್‌ಗೆ ಇದೇ ಪ್ರಾಣ. ಸಂಘದೋರು ಯಾರೂ ಇದನ್ನ ಕೈಲಿ ಹಿಡಿದಿಲ್ಲ. ಇದು ತಗಡು, ಹೋದ್ರೆ ಹೋಗ್ಲಿ ಅಂತ ಬಿಟ್ಟುಕೊಡೋಕೆ ಈ ಊರಲ್ಲಿ ಒಬ್ಬನಿಗೇ ಸಾಧ್ಯ. ತಗಡಾದ್ರೂ ಲ್ಯಾತ್ರಪ್ಪು, ಉಪ್ಪು ನೀರಲ್ಲಿ ಬರೀ ಮೈಲಿ ಬಿಡೋಕೆ ಅವನಿಗೆ ಮನಸ್ಸಾಗ್ಲಿಲ್ಲ. ಎಣ್ಣೆ ಹಚ್ಚಿ ಸುತ್ತಿದ. ಎಲ್ಡನ್, 4417 ಯಾವ ನಂಬರು?”

“ಲೈಮಾದ್ದು,” ಎಂದ ಎಲ್ಡನ್ ಯೋಚಿಸದೆ. ಆಮೇಲೆ ಕಾಫಿ ಲೋಟ ಕೆಳಗಿಟ್ಟ.

ಮಧ್ಯಾಹ್ನ ನ್ಯಾಯಾಧೀಶರು ಶೋಧನಾ ವಾರಂಟ್‌ಗೆ ಸಹಿ ಹಾಕಿದರು. ಎಲ್ಡನ್‌ನ ಮನೆಯಲ್ಲಿ, ಹೆಂಡತಿಯ ಬಟ್ಟೆಯಿದ್ದ ಬೀರುವಿನ ಖಾನೆಗಳಲ್ಲಿ ಎಂಟು ಲ್ಯಾತ್ರಪ್‌ಗಳು ಸಿಕ್ಕವು. ಒಂದೊಂದಕ್ಕೂ ಮೆತ್ತನೆ ಬಟ್ಟೆಯ ಹಾಸಿಗೆ. ಎಂಟನ್ನೂ ಮಹಜರಿನಲ್ಲಿ ನಮೂದಿಸಿ, ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ವರ್ನಾ ಅವನನ್ನು ಬಂಧಿಸಿದಳು. ಅವನು ತಕರಾರು ಮಾಡಲಿಲ್ಲ. ಯೋಡರ್ ಪಿಸ್ತೂಲುಗಳನ್ನು ಚೀಲಕ್ಕೆ ತುಂಬುವಾಗ ಮಾತ್ರ ಒಂದಕ್ಕೊಂದು ತಾಗಿಸಬೇಡಪ್ಪಾ ಎಂದು ಅಂಗಲಾಚಿದ.

ತಪ್ಪೊಪ್ಪಿಗೆಯನ್ನು ಅದೇ ಸಂಜೆ ಕೊಟ್ಟ. ಕೊಡುವಾಗ ಆ ಮೆತ್ತನೆಯ ದನಿ ಹೋಗಿತ್ತು.

“ನನ್ ಹೆಂಡ್ತಿ ಇರೋವರ್ಗೂ ಮನೆಗೆ ಪಿಸ್ತೂಲು ತರಕೂಡದು ಅಂದಿದ್ಲು. ಅವಳ ಅಣ್ಣ ಅದ್ರಲ್ಲೇ ಸತ್ತಿದ್ದ. ನಾನು ಮಾತು ಮೀರ್ಲಿಲ್ಲ. ನಾನು ಆರಿಸ್ತಿದ್ದೆ, ಬರ್ಡೆಟ್ ತಗೊಂಡು ಅವನ ತಿಜೋರೀಲಿ ಇಡ್ತಿದ್ದ. ಎಂಟೂ ನಾನು ಆರಿಸಿದ್ದು. ಒಂದೊಂದಕ್ಕೂ ಎಷ್ಟು ಸಂತೆ ಅಲೆದಿದೀನಿ, ಎಷ್ಟು ನೂರು ನೋಡಿ ಬೇಡ ಅಂದಿದೀನಿ, ನಂಗೇ ಗೊತ್ತು. ಹೋದ ತಿಂಗಳು ಸಂಘದೋರು ಅವನಿಗೆ ಬೆಳ್ಳಿ ತಟ್ಟೆ ಕೊಟ್ರು. ಇಪ್ಪತ್ತು ನಿಮಿಷ ಭಾಷಣ ಹೊಡೆದ. ಮೂವತ್ತು ವರ್ಷ ಒಬ್ಬನೇ ಹುಡುಕಿದೆ ಅಂದ. ಒಬ್ಬನೇ! ನಾನು ಮುಂದಿನ ಸಾಲಲ್ಲಿ ಅವನ ಕೋಟು ಹಿಡ್ಕೊಂಡು ಕೂತಿದ್ದೆ.”

ಹೆಂಡತಿ ಹಿಂದಿನ ಶರತ್ಕಾಲದಲ್ಲಿ ತೀರಿಕೊಂಡಿದ್ದಳು. ಇನ್ನು ಅವು ತನ್ನ ಮನೆಗೆ ಬರಬಹುದು ಎಂದುಕೊಂಡ. ಭಾನುವಾರ ಲೈಲ್ ಮುಂದಿನ ಅಂಗಳದಲ್ಲಿದ್ದಾಗ ಹಿತ್ತಲಿನಿಂದ ಬಂದು, ಮೊದಲನೇ ಪಿಸ್ತೂಲಿನ ನಂಬರೇ ತಿಜೋರಿಯ ಅಂಕಿಯಿರಬೇಕೆಂದು ಊಹಿಸಿ ತೆಗೆದು, ಎಂಟನ್ನು ಒಯ್ದ. ಲೈಲ್ ಅಡುಗೆಮನೆಯಲ್ಲಿ ತಿನ್ನುತ್ತಿದ್ದಾಗ ಒಂಬತ್ತನೆಯದನ್ನು ಟ್ರಕ್ಕಿನಲ್ಲಿಟ್ಟ.

ಗುರುವಾರ ರಾತ್ರಿಯೇ ವರ್ನಾ ಪೆರೋಲ್ ಇಲಾಖೆಗೆ ಫೋನ್ ಹಚ್ಚಿದಳು. ತಡೆಯಾಜ್ಞೆ ತೆಗೆಯಲು ಮೇಲಧಿಕಾರಿಯ ಸಹಿ ಬೇಕು, ಅವರು ಸೋಮವಾರ ಬರುತ್ತಾರೆ ಎಂದರು. ಶುಕ್ರವಾರ ಬೆಳಿಗ್ಗೆ ಅವಳೇ ತೊಂಬತ್ತು ಮೈಲಿ ಕಾರು ಓಡಿಸಿಕೊಂಡು ಹೋಗಿ ಆ ಕಚೇರಿಯ ಕೌಂಟರ್ ಮುಂದೆ ಬಾಯಿಗೆ ಬಂದಂತೆ ಕೂಗಾಡಿದಳು. ಹಾಕುವಾಗ ಒಂದು ಫೋನ್ ಸಾಕಾಗಿತ್ತು, ತೆಗೆಯೋಕೆ ಸಹಿ ಬೇಕಾ ಎಂದು ಕೇಳಿದಳು. ಗಾಜಿನ ಹಿಂದಿದ್ದ ಹೆಂಗಸು ನಿಯಮ ಓದಿ ಹೇಳಿದಳು. ಹತ್ತು ಗಂಟೆ ಹೊಡೆಯಿತು. ಜೋಲೀನ್‌ಳ ಕೇಸಿನಲ್ಲಿ ತಂದೆ ಗೈರುಹಾಜರಿ ಎಂದು ಬರೆದು ಜೂನ್‌ಗೆ ಮುಂದೂಡಿದರು. ಅಲ್ಲಿಯವರೆಗೆ ಮಗು ಪರರ ಮನೆಯಲ್ಲೇ.

ಬರ್ಡೆಟ್ ಶನಿವಾರ ಠಾಣೆಗೆ ಬಂದ. ಗೆಳೆಯನೇ ಕಳ್ಳ ಎಂದಾಗ ಅವನು ಕುರ್ಚಿ ಎಳೆದುಕೊಂಡು ಕೂತ. ತನ್ನ ರಾಜ ಬಣ್ಣ ಬಳಿದ ಮುದುಕಿ ಎಂದಾಗ ಮೇಜು ಗುದ್ದಿದ. ಹೊಟ್ಟೆಕಿಚ್ಚಿಗೆ ಹೇಳಿದಾನೆ, ಸುಳ್ಳು, ಆ ಹೆಬ್ಬೆರಳ ಗುರುತಿಗೂ ಅವನ ಮೇಲೆ ಕೇಸು ಹಾಕಿ ಎಂದು ಕಿರುಚಿದ. ಮಾರ್ವಾ ಹಿಂದೆ ನಿಂತಿದ್ದಳು.

“ಆರು ದಿನದಿಂದ ನನ್ ಮಗ ಒಳಗಿದಾನೆ,” ಎಂದಳು. “ತಪ್ಪಾಯ್ತು ಅಂತ ಒಂದು ಮಾತು ನಿನ್ ಬಾಯಿಂದ ಬಂತಾ? ಆ ಕಬ್ಬಿಣದ ಜೊತೇನೇ ಸಂಸಾರ ಮಾಡ್ಕೋ.” ಕಾರಿನ ಕೀಲಿ ಅವಳ ಕೈಯಲ್ಲಿತ್ತು. ಬರ್ಡೆಟ್ ನಡೆದು ಮನೆಗೆ ಹೋದ.

ಅದೇ ದಿನ ಹೇಳಿಕೆಗೆ ಸಹಿ ಹಾಕಿಸಲು ವರ್ನಾ ಎಲ್ಡನ್‌ನ ಮುಂದೆ ಕೂತಳು. ಕೇಸಿಗೆ ಬೇಡದ ಒಂದು ಪ್ರಶ್ನೆ ಅವಳಲ್ಲಿ ಇನ್ನೂ ಉಳಿದಿತ್ತು.

“ಲೈಲ್ ಮೇಲೆ ನಿಮಗೇನು ಸಿಟ್ಟು?”

“ಸಿಟ್ಟಾ? ಒಳ್ಳೆ ಹುಡುಗ. ನನ್ನಂಗಳದ ಹಿಮಾನೂ ಅವನೇ ತೆಗೀತಿದ್ದ.”

“ಮತ್ತೆ ಅವನೇ ಯಾಕೆ?”

ಎಲ್ಡನ್ ಪೆನ್ನು ಕೆಳಗಿಟ್ಟ. ಅವನ ಮಾತಿನಲ್ಲಿ ನಾಚಿಕೆ ಇರಲಿಲ್ಲ. “ಪಕ್ಕದ ಮನೆಯವ್ರ ಕಾರಿತ್ತು. ಪೇಪರ್ ಹಾಕೋನ ಗಾಡಿ ಇತ್ತು. ಎಲ್ಲಾ ನೋಡ್ದೆ. ಅವರ ಹತ್ರ ಸಿಕ್ಕಿದ್ರೆ ನೀವು ಕೂತು ವಿಚಾರಿಸ್ತಿದ್ರಿ. ಲೈಲ್ ಹತ್ರ ಸಿಕ್ಕಿದ್ರೆ ವಿಚಾರಿಸಲ್ಲ ಅಂತ ಗೊತ್ತಿತ್ತು. ಆರಿಸೋದ್ರಲ್ಲಿ ನಾನು ತಪ್ಪಿಲ್ಲ ಸಾರ್ಜೆಂಟ್. ನೀವು ಅವತ್ತೇ ಬೇಡಿ ಹಾಕಿದ್ರಲ್ಲ.”

ಅವನ ಕೆನ್ನೆಗೆ ಬಾರಿಸಬೇಕೆನ್ನಿಸಿತು ವರ್ನಾಗೆ. ಆದರೆ ಅವನು ಹೇಳಿದ್ದು ನಿಜ. ಕಾಗದ ಎತ್ತಿಕೊಂಡು ಹೊರಗೆ ಬಂದಳು.

ಸೋಮವಾರ ಹನ್ನೊಂದಕ್ಕೆ ಲೈಲ್ ಬಿಡುಗಡೆಯಾದ. ಹೊರಗೆ ಠಾಣೆಯ ಅಂಗಳದಲ್ಲಿ ಅವನ ಟ್ರಕ್ ನಿಂತಿತ್ತು. ಹುಡುಕುವಾಗ ಸೀಟು ಹರಿದಿದ್ದರು. ವರ್ನಾ ಕೀಲಿ ಕೊಟ್ಟು, ತಪ್ಪು ನನ್ನದು ಎಂದಳು. ಅವನು ಹರಿದ ಸೀಟಿನ ಮೇಲೆ ಕೂತ, ಬಾಗಿಲು ಹಾಕಿಕೊಳ್ಳಲಿಲ್ಲ.

“ಶುಕ್ರವಾರ ಕೋರ್ಟಲ್ಲಿ ಬಾಗಿಲು ತೆಗೆದಾಗೆಲ್ಲ ನನ್ ಮಗು ತಿರುಗಿ ನೋಡ್ತಿತ್ತಂತೆ, ಲಾಯರ್ ಹೇಳ್ದ,” ಎಂದ. “ಇವತ್ತು ಸಂಜೆ ಫೋನ್ ಮಾಡೋಕೆ ಬಿಡ್ತಾರೆ. ಯಾಕೆ ಬರ್ಲಿಲ್ಲ ಅಂತ ಕೇಳ್ತಾಳೆ. ಪೊಲೀಸರು ಹಿಡ್ಕೊಂಡಿದ್ರು ಅಂತ ಮತ್ತೆ ನನ್ ಬಾಯಿಂದ ಹೇಳ್ಲಾ? ಏನ್ ಹೇಳ್ಲಿ, ನೀವೇ ಹೇಳಿ ಮೇಡಂ.”